ಗಣಕಯಂತ್ರದ ಮಾರ್ಗನಿರ್ಣಯ

ಮಧುಗಿರಿಯಿಂದ ತುಮಕೂರಿಗೆ ಹೊರಟವನು ಸಾಮಾನ್ಯವಾಗಿ ಕೊರಟಗೆರೆಯ ಮೇಲೆ ಹೋಗುವನು. ಆ ದಾರಿಗೆ ಅಡಚಣೆಯೊದಗಿದರೆ ಶಿರಾದ ಕಡೆಗೆ ತಿರುಗಿ, ಸುತ್ತಾದರೂ ಹೆದ್ದಾರಿಯನ್ನು ಹಿಡಿದು ಊರು ಸೇರುವನು. ಮನೆಯ ಗಣಕಯಂತ್ರವೂ ಕ್ಷಣಕ್ಷಣಕ್ಕೆ ಇಂತಹುದೇ ವಿಚಾರವನ್ನು ನಡೆಸುತ್ತಿರುವುದೆಂಬುದನ್ನು ವಾಚಕಮಹಾಶಯರಲ್ಲಿ ಅನೇಕರು ಗಮನಿಸಿರಲಾರರು. ಅದು ಯಾವುದನ್ನು ನೋಡಿ ದಾರಿಯನ್ನಾರಿಸುವುದು, ಯಾವುದನ್ನು ನೋಡದು ಎಂಬುದರ ಮೇಲೆ ಗೃಹಸ್ಥನ ಹಣವೂ ಮಕ್ಕಳ ಪಾಠವೂ ನಿಂತಿರುವುವು.

ನಮ್ಮ ಮನೆಗಳಲ್ಲಿ ಅಂತರ್ಜಾಲಕ್ಕೆ ಬಹುಮಟ್ಟಿಗೆ ಮೂರು ದ್ವಾರಗಳು: ನೇರವಾಗಿ ಜೋಡಿಸುವ ತಂತಿ, ವೈಫೈ, ಮತ್ತು ಮಗನ ಫೋನಿನಿಂದ ಬರುವ ಹಾಟ್‌ಸ್ಪಾಟ್. ಎರಡು ದ್ವಾರಗಳು ಏಕಕಾಲದಲ್ಲಿ ತೆರೆದಿದ್ದರೆ ಯಂತ್ರವು ಒಂದೊಂದಕ್ಕೂ ಒಂದು ಅಂಕಿಯನ್ನು ಕೊಡುವುದು. ವೇಗವು ಹೆಚ್ಚಿದಷ್ಟೂ ಅಂಕಿಯು ಕಡಮೆ. ಕಡಮೆ ಅಂಕಿಯದಕ್ಕೇ ಪಟ್ಟ. (ಶಾಲೆಯ ಅಂಕಗಳಿಗೆ ಇದು ವಿಪರೀತ, ಓಟದ ಪಂದ್ಯದ ಸ್ಥಾನವೆಂದು ತಿಳಿದರೆ ಸರಿಹೋಗುವುದು.) ಆದಕಾರಣ ತಂತಿಯಿದ್ದಾಗ ಸಾಮಾನ್ಯವಾಗಿ ವೈಫೈ ಸುಮ್ಮನಿರುವುದು, ತಂತಿಯನ್ನು ಕಿತ್ತೊಡನೆ ಭಾರವನ್ನು ತಾನು ಹೊರುವುದು.

ದ್ವಾರವು ತೆರೆದಿದ್ದ ಮಾತ್ರಕ್ಕೆ ದಾರಿಯು ಊರನ್ನು ಮುಟ್ಟುವುದೆಂದೇನೂ ಇಲ್ಲವಷ್ಟೆ. ಆದುದರಿಂದ ವಿಂಡೋಸ್ ಯಂತ್ರವು ತನ್ನ ತಯಾರಕರ ನೆಲೆಗೆ ಒಂದು ಪುಟ್ಟ ವಿನಂತಿಯನ್ನು ಕಳುಹಿಸಿ, ನಿರೀಕ್ಷಿಸಿದ ಉತ್ತರವು ಬಂದ ಮೇಲೆಯೇ ಅಂತರ್ಜಾಲವುಂಟೆಂದು ಸಾರುವುದು. ವೈಫೈಯ ಗುರುತು ತುಂಬಿ ತೋರಿದರೂ ಕೆಲಸವು ಸಾಗದಿರುವುದರ ಮರ್ಮವಿದು. ಆ ಗುರುತು ಹೇಳುವುದು ಪಡಸಾಲೆಯ ಪೆಟ್ಟಿಗೆಯವರೆಗಿನ ದಾರಿಯನ್ನು ಮಾತ್ರ. ಅದರಾಚೆ ನೆಲದೊಳಗಿನ ಗಾಜಿನ ತಂತುವು ತುಂಡಾಗಿರಬಹುದು. ಗ್ರಾಮಪಂಚಾಯಿತಿಗಳಿಗೆ ಇಂತಹ ತಂತುವನ್ನೊಯ್ಯಲು ಕೇಂದ್ರ ಸರ್ಕಾರವು 2011ರಲ್ಲಿ ಸಮ್ಮತಿಸಿದ ಯೋಜನೆಗೆ ಈಗ ಭಾರತ್‌ನೆಟ್ ಎಂದು ಹೆಸರು.

ಫೋನಿನ ಅಲೆಗಳ ಸ್ಥಿತಿ ಬೇರೆ. ಮಧುಗಿರಿಯ ಏಕಶಿಲಾಪರ್ವತದಂತಹ ಬಂಡೆಯು ಗೋಪುರಕ್ಕೂ ಮನೆಗೂ ನಡುವೆ ನಿಂತರೆ ಅಲೆಯು ಕ್ಷೀಣಿಸುವುದು. ಆಗ ಯಂತ್ರವು ಸಂಬಂಧವನ್ನು ಕಡಿದುಕೊಳ್ಳದೆ ವೇಗವನ್ನಿಳಿಸುವುದು. ಹೊಲದಾಚೆ ನಿಂತವನೊಡನೆ ನಾವು ಮಾತನ್ನು ಬಿಡಿಬಿಡಿಯಾಗಿ ನುಡಿಯುವಂತೆ.

ಈ ಇಳಿಸುವಿಕೆಯ ವಿವೇಕವು ಯಂತ್ರಗಳಿಗೆ ಹುಟ್ಟುಗುಣವಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಗೂ ಅದರಿಂದ 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಣ ಸಂಚಾರವು ಸೆಕೆಂಡಿಗೆ 32,000 ಬಿಟ್ಟುಗಳಿಂದ 40ಕ್ಕೆ ಕುಸಿಯಿತು. ತಂತಿಯೇನೂ ಕೆಟ್ಟಿರಲಿಲ್ಲ. ದಾರಿಯು ಕಿಕ್ಕಿರಿದಾಗ ತುಣುಕುಗಳು ನಷ್ಟವಾಗುತ್ತಿದ್ದುವು, ನಷ್ಟವಾದುದನ್ನು ಎಲ್ಲ ಯಂತ್ರಗಳೂ ಮತ್ತೆ ಮತ್ತೆ ತಳ್ಳುತ್ತಿದ್ದುವು, ನೂಕುನುಗ್ಗಲು ಇಮ್ಮಡಿಯಾಗುತ್ತಿದ್ದಿತು. ಜಾತ್ರೆಯ ರಥಬೀದಿಯನ್ನು ಕಂಡವರಿಗೆ ವಿವರಣೆ ಬೇಡ. ವ್ಯಾನ್ ಜೇಕಬ್‌ಸನ್ ಎಂಬ ವಿದ್ವಾಂಸನು 1988ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಪರಿಹಾರವನ್ನು ನಿರೂಪಿಸಿದನು: ಮೊದಲು ಅಲ್ಪವಾಗಿ ಕಳುಹಿಸಿ ನೋಡತಕ್ಕದ್ದು, ತಲಪಿದ ರಶೀದಿ ಬಂದಂತೆಲ್ಲ ಹೆಚ್ಚಿಸತಕ್ಕದ್ದು, ರಶೀದಿ ತಪ್ಪಿದರೆ ಥಟ್ಟನೆ ತಗ್ಗಿಸತಕ್ಕದ್ದು. ಯಾವ ಅಧಿಕಾರಿಯ ಅಪ್ಪಣೆಯೂ ಇಲ್ಲದೆ ಪ್ರತಿಯೊಂದು ಯಂತ್ರವೂ ತಾನಾಗಿಯೇ ಹಿಂದೆ ಸರಿಯುವ ಈ ಸೌಜನ್ಯವು ನನ್ನ ಕಣ್ಣಿಗೆ ಪರಮಾಶ್ಚರ್ಯಕರವಾದುದು.

ಇಷ್ಟೆಲ್ಲ ಬಲ್ಲ ಯಂತ್ರಕ್ಕೆ ಯಜಮಾನನ ಕಿಸೆಯು ಮಾತ್ರ ಕಾಣದು. ಫೋನಿನ ಹಾಟ್‌ಸ್ಪಾಟನ್ನು ಅದು ಮನೆಯ ವೈಫೈಯಂತೆಯೇ ಭಾವಿಸಿ, ತನ್ನ ನವೀಕರಣದ ದೊಡ್ಡ ಹೊರೆಯನ್ನು ಗುಟ್ಟಾಗಿ ಎಳೆದುಕೊಳ್ಳಬಹುದು. ದಿನಕ್ಕೆ ಒಂದೂವರೆ ಜಿಬಿ ಇರುವ ಮನೆಯಲ್ಲಿ ಸಂಜೆಯ ವೇಳೆಗೆ ಎಸ್.ಎಸ್.ಎಲ್.ಸಿ. ಓದುವ ಮಗಳ ಪಾಠವು ನಡುವೆ ನಿಲ್ಲುವುದು. ವಿದ್ಯಾರ್ಥಿವೇತನದ ಅರ್ಜಿಗೆ ಅದೇ ಕೊನೆಯ ದಿನವಾಗಿದ್ದರೆ ಹೇಳತಕ್ಕದ್ದೇನು! ಆ ಜಾಲದ ಸೆಟ್ಟಿಂಗ್ಸಿನಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಒಮ್ಮೆ ಒತ್ತಿಟ್ಟರೆ ಯಂತ್ರವು ಅಂತಹ ಹೊರೆಗಳಲ್ಲಿ ಬಹುಪಾಲನ್ನು ಮುಂದಕ್ಕೆ ಹಾಕುವುದು.

ಇನ್ನೊಂದು ಕುರುಡೂ ಉಂಟು. ಗುಪ್ತಪದವಿಲ್ಲದ ಜಾಲವನ್ನು ಯಂತ್ರವು ಹೆಸರಿನಿಂದಲೇ ಗುರುತಿಸುವುದು. ಪ್ರಯಾಣದಲ್ಲಿ ಎಂದೋ ಸೇರಿದ ಹೋಟೆಲಿನ ಜಾಲದ ಹೆಸರನ್ನೇ ವಂಚಕನೊಬ್ಬನು ಬೇರೆಡೆ ಇಟ್ಟುಕೊಂಡರೆ, ಫೋನು ಹಳೆಯ ಸ್ನೇಹಿತನೆಂದು ಭ್ರಮಿಸಿ ತಾನಾಗಿಯೇ ಸೇರಿಬಿಡಬಹುದು. ಇಂತಹ ಹಳೆಯ ಹೆಸರುಗಳ ಪಟ್ಟಿಯು ಫೋನಿನ ವೈಫೈ ಪುಟದಲ್ಲಿಯೇ ಇರುವುದು; ಹೆಸರನ್ನು ಮುಟ್ಟಿ ‘ಫರ್ಗೆಟ್’ ಎಂದು ಒತ್ತಿದರೆ ಅಳಿಸಿಹೋಗುವುದು.