ಬ್ರೇಕಿನಲ್ಲಿ ಕರಗಿಹೋಗುವ ವೇಗ

ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕೆಂಗೇರಿ ಕಡೆ ಹೊರಟಾಗ, ನಿಲ್ದಾಣ ಹತ್ತಿರವಾಗುವ ಹೊತ್ತಿಗೆ ಕಿವಿಗೊಟ್ಟು ಕೇಳಿ. ರೈಲಿನ ಅಡಿಯಿಂದ ಒಂದು ಗುಂಯ್ ಎನ್ನುವ ಸದ್ದು ಮೇಲಿನ ಸ್ವರದಿಂದ ಮೆಲ್ಲಗೆ ಕೆಳಗಿಳಿಯುತ್ತದೆ. ಇಷ್ಟು ಹೊತ್ತು ರೈಲನ್ನು ಎಳೆಯುತ್ತಿದ್ದ ಮೋಟಾರುಗಳೇ ಈಗ ಡೈನಮೊಗಳಾಗಿ, ಚಕ್ರಗಳನ್ನು ಹಿಡಿದು ನಿಲ್ಲಿಸುತ್ತಾ ವಿದ್ಯುತ್ ಹುಟ್ಟಿಸುತ್ತಿವೆ. ಆ ವಿದ್ಯುತ್ತು 750 ವೋಲ್ಟಿನ ಮೂರನೇ ಹಳಿಗೆ ಮರಳುತ್ತದೆ. ಅದೇ ಕ್ಷಣದಲ್ಲಿ ಹತ್ತಿರದ ನಿಲ್ದಾಣದಿಂದ ಹೊರಟ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ.

ಕೆಳಗೆ ಮೈಸೂರು ರಸ್ತೆಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ನಾಯಂಡಹಳ್ಳಿಯ ಜಂಕ್ಷನ್ನಿನಲ್ಲಿ ಡೀಸೆಲ್ ಬಸ್ಸೊಂದು ಬ್ರೇಕ್ ಒತ್ತಿದರೆ, ಅಷ್ಟು ಡೀಸೆಲ್ ಸುಟ್ಟು ಕೂಡಿಸಿದ ವೇಗವೆಲ್ಲ ಬ್ರೇಕಿನ ಬಿಸಿಯಾಗಿ ಗಾಳಿ ಪಾಲು. ಸಿಗ್ನಲ್ ಬಿಟ್ಟಮೇಲೆ ಮತ್ತೆ ಸೊನ್ನೆಯಿಂದ ಶುರು.

ಈ ಪೋಲನ್ನು ತಡೆಯುವ ಪ್ರಯತ್ನ ಇದೇ ರಸ್ತೆಯ ಪಕ್ಕದ ಒಂದು ವರ್ಕ್‌ಶಾಪಿನಲ್ಲೂ ನಡೆದಿದೆ. ಪಟ್ಟಣಗೆರೆ ನಿಲ್ದಾಣದಿಂದ ತುಸು ದೂರದಲ್ಲೇ ಆರ್.ವಿ. ಇಂಜಿನಿಯರಿಂಗ್ ಕಾಲೇಜು. 1963ರಲ್ಲಿ ಆರಂಭವಾದ ಈ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಪರಿಪಾಠ ಎರಡು ದಶಕ ದಾಟಿದೆ. 2003ರಲ್ಲಿ ಅಶ್ವ ರೇಸಿಂಗ್ ತಂಡ ಹುಟ್ಟಿತು. ಆಮೇಲೆ ಬಂದ ಟೀಮ್ ಕೈಮೆರಾ ಹೈಬ್ರಿಡ್ ಕಾರುಗಳನ್ನೂ ಮುಂದೆ ಪೂರ್ತಿ ಎಲೆಕ್ಟ್ರಿಕ್ ಕಾರುಗಳನ್ನೂ ಕೈಗೆತ್ತಿಕೊಂಡಿತು. ಕೈಮೆರಾ ಎಂದರೆ ಗ್ರೀಕ್ ಪುರಾಣದ ಮಿಶ್ರಪ್ರಾಣಿ: ಸಿಂಹ, ಮೇಕೆ, ಹಾವು ಒಂದೇ ಮೈಯಲ್ಲಿ. ನಮ್ಮ ರಾಜ್ಯ ಲಾಂಛನದಲ್ಲಿ ಸಿಂಹದ ಮೈಗೆ ಆನೆಯ ತಲೆ ಹೊತ್ತು ನಿಂತಿರುವ ಗಜಕೇಸರಿ ಅದರ ದಾಯಾದಿ ಎನ್ನಬಹುದು. ಪೆಟ್ರೋಲ್ ಎಂಜಿನ್ನು, ವಿದ್ಯುತ್ ಮೋಟಾರು ಎರಡನ್ನೂ ಹೊತ್ತ ಕಾರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಇಂಥ ಕಾರುಗಳಿಗೆಂದೇ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಥೇಯರ್ ಇಂಜಿನಿಯರಿಂಗ್ ಶಾಲೆ ಫಾರ್ಮುಲಾ ಹೈಬ್ರಿಡ್ ಎಂಬ ವಿದ್ಯಾರ್ಥಿ ಸ್ಪರ್ಧೆ ಶುರುಮಾಡಿತು. ಮೊದಲ ಸ್ಪರ್ಧೆ ನಡೆದದ್ದು 2007ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಲೌಡನ್ ರೇಸ್ ಟ್ರ್ಯಾಕಿನಲ್ಲಿ. ಹೈಬ್ರಿಡ್ ಕಾರಿನ ಎಂಜಿನ್ 250 ಸಿ.ಸಿ. ಮೀರುವಂತಿಲ್ಲ, ಅಂದರೆ ಒಂದು ಸಾಧಾರಣ ಬೈಕಿನದು. ನಿಂತಲ್ಲಿಂದ 75 ಮೀಟರ್ ಓಡುವ ಪರೀಕ್ಷೆ ಇದೆ, ತಿರುವುಗಳ ಪರೀಕ್ಷೆ ಇದೆ. ಎಲ್ಲಕ್ಕಿಂತ ಹೆಚ್ಚು ಅಂಕ 44 ಕಿಲೊಮೀಟರ್ ತಾಳಿಕೆಯ ಓಟಕ್ಕೆ. ಕೊಟ್ಟ ಅಷ್ಟೇ ಶಕ್ತಿಯಲ್ಲಿ ಅಷ್ಟು ದೂರವನ್ನು ವೇಗವಾಗಿ ಮುಗಿಸಬೇಕು.

ಒಂದು ಲೆಕ್ಕ ಹಾಕೋಣ. ಚಾಲಕನೂ ಸೇರಿ 300 ಕೆ.ಜಿ. ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 42 ಕಿಲೊಜೂಲ್. ತಿರುವಿಗಾಗಿ ವೇಗ 30ಕ್ಕೆ ಇಳಿಯಿತು ಎನ್ನಿ. ವೇಗ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಮುಕ್ಕಾಲು ಪಾಲು, 31 ಕಿಲೊಜೂಲ್, ಒಂದೇ ಬ್ರೇಕಿನಲ್ಲಿ ಹೋಯಿತು. ಒಂದು ಮಿಲಿಲೀಟರ್ ಪೆಟ್ರೋಲಿನಲ್ಲಿ ಇರುವುದು ಸುಮಾರು 32 ಕಿಲೊಜೂಲ್. ಆದರೆ ಎಂಜಿನ್ ಅದರಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ ಎಂದಿಟ್ಟುಕೊಂಡರೆ, ಆ ಒಂದು ಬ್ರೇಕಿನ ಬೆಲೆ ಹತ್ತಿರಹತ್ತಿರ ನಾಲ್ಕು ಮಿಲಿಲೀಟರ್. ಟೀ ಚಮಚಕ್ಕೆ ತುಸು ಕಡಿಮೆ. ಕಿಲೊಮೀಟರಿಗೆ ಐದು ಬಾರಿ ಹೀಗಾದರೆ 44 ಕಿ.ಮೀ.ಗೆ 220 ಬಾರಿ. ಒಟ್ಟು 900 ಮಿಲಿಲೀಟರಿನಷ್ಟು ಪೆಟ್ರೋಲ್ ಬ್ರೇಕ್ ಡಿಸ್ಕಿನಲ್ಲಿ ಬಿಸಿಯಾಗಿ ಮುಗಿಯಿತು.

ಮೋಟಾರನ್ನೇ ಬ್ರೇಕ್ ಮಾಡಿಕೊಂಡರೆ ಇದಿಷ್ಟೂ ವಾಪಸ್ ಬರುತ್ತದೆಯೇ? ಇಲ್ಲ. ಚಕ್ರದಿಂದ ಮೋಟಾರಿಗೆ, ಕಂಟ್ರೋಲರ್ ಮೂಲಕ ಬ್ಯಾಟರಿಗೆ, ಅಲ್ಲಿಂದ ಮತ್ತೆ ಅದೇ ದಾರಿಯಲ್ಲಿ ಚಕ್ರಕ್ಕೆ ಬರುವಾಗ ಪ್ರತಿ ಹೆಜ್ಜೆಗೂ ಸುಂಕ ಕಟ್ಟಬೇಕು. ನಾಲ್ಕು ಹೆಜ್ಜೆಯಲ್ಲಿ ತಲಾ 85 ಪ್ರತಿಶತ ಉಳಿದರೂ ಕೊನೆಗೆ ಕೈಗೆ ಸಿಗುವುದು ಅರ್ಧ ಮಾತ್ರ. ಅದೂ ಕಾಗದದ ಮೇಲೆ. ಟ್ರ್ಯಾಕಿನಲ್ಲಿ ಇನ್ನೂ ಕಡಿಮೆ, ಏಕೆಂದರೆ ಇಲ್ಲಿ ಸಮಯದ ತೊಡಕಿದೆ.

ರಾಜಾಜಿನಗರ, ಬಸವೇಶ್ವರನಗರದ ಮನೆಯವರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಕಾವೇರಿ ನೀರು ಬಿಡುವುದು ಸ್ವಲ್ಪ ಹೊತ್ತು. ಅಷ್ಟರೊಳಗೆ ಸಂಪು ತುಂಬಬೇಕು. ಒಳಬರುವ ಪೈಪು ಸಣ್ಣದಾಗಿದ್ದರೆ ಸಂಪು ಎಷ್ಟು ದೊಡ್ಡದಿದ್ದೂ ಪ್ರಯೋಜನವಿಲ್ಲ. ರೇಸ್ ಕಾರು 60ರಿಂದ 30ಕ್ಕೆ ಇಳಿಯಲು ಒಂದು ಸೆಕೆಂಡು ಸಾಕು. ಆ ಸೆಕೆಂಡಿನಲ್ಲಿ 31 ಕಿಲೊವ್ಯಾಟ್ ನುಗ್ಗಿ ಬರುತ್ತದೆ: ಎರಡು ಕಿಲೊವ್ಯಾಟಿನ ಹದಿನೈದು ಗೀಸರುಗಳನ್ನು ಒಟ್ಟಿಗೆ ಹಾಕಿದಷ್ಟು. ಲಿಥಿಯಂ ಬ್ಯಾಟರಿ ದೊಡ್ಡ ಸಂಪು, ಆದರೆ ಪೈಪು ಸಣ್ಣದು. ಸೂಪರ್‌ ಕೆಪಾಸಿಟರ್ ಸಣ್ಣ ತೊಟ್ಟಿ, ಬಾಯಿ ಮಾತ್ರ ಅಗಲ.

ಜಗತ್ತಿನ ಅತಿ ಕಠಿಣ ತಾಳಿಕೆಯ ಓಟಗಳಲ್ಲಿ ಒಂದಾದ ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸಿನಲ್ಲಿ ಈ ಒಂದೇ ಪ್ರಶ್ನೆಗೆ ಮೂರು ಉತ್ತರ ಸಿಕ್ಕಿದ್ದವು. 2012ರಲ್ಲಿ ಅಲ್ಲಿ ಗೆದ್ದ ಮೊದಲ ಹೈಬ್ರಿಡ್, ಆಡಿ ಆರ್18, ಶಕ್ತಿಯನ್ನು ಗಿರಗಿರ ತಿರುಗುವ ಫ್ಲೈವೀಲಿನಲ್ಲಿ ಕೂಡಿಡುತ್ತಿತ್ತು. ಟೊಯೊಟಾ ಸೂಪರ್‌ ಕೆಪಾಸಿಟರ್ ನೆಚ್ಚಿತು. 2015ರಿಂದ ಸತತ ಮೂರು ವರ್ಷ ಗೆದ್ದ ಪೋರ್ಷೆ 919 ಲಿಥಿಯಂ ಬ್ಯಾಟರಿ ಇಟ್ಟುಕೊಂಡಿತ್ತು. ಅದರ ಪಾಲಿನ ವಿದ್ಯುತ್ ಒಂದು ಸುತ್ತಿಗೆ 8 ಮೆಗಾಜೂಲ್. ದೊಡ್ಡ ಅಂಕಿ ಅನ್ನಿಸಬಹುದು. ಮನೆಯ ಮೀಟರಿನಲ್ಲಿ ಅದು ಎರಡು ಯೂನಿಟ್ಟಿಗಿಂತ ಸ್ವಲ್ಪವೇ ಹೆಚ್ಚು. ಆ ಎರಡು ಯೂನಿಟ್ಟನ್ನು 13.6 ಕಿಲೊಮೀಟರ್ ಸುತ್ತಿನ ಯಾವ ತಿರುವಿನ ನಂತರ ಸುರಿಯಬೇಕು ಎಂಬುದರಲ್ಲೇ ಇಡೀ ಜಾಣ್ಮೆ.

ವಿದ್ಯಾರ್ಥಿಗಳ ಕಾರಿನಲ್ಲೂ ಜಾಣ್ಮೆಯ ಜಾಗ ಅದೇ. 250 ಸಿ.ಸಿ. ಎಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಇರುವುದಿಲ್ಲ. ಮೇಲಕ್ಕೆ ಹೋದಂತೆ ಕಸುವು ಬರುತ್ತದೆ. ಮೋಟಾರಿನ ಎಳೆತ ನಿಂತಲ್ಲಿಂದಲೇ ಪೂರ್ತಿ. ಹಾಗಾಗಿ ತಿರುವಿನಿಂದ ಹೊರಬರುವಾಗ ಮೋಟಾರು, ನೇರ ದಾರಿಯಲ್ಲಿ ಎಂಜಿನ್ನು ಎಂದು ಕೆಲಸ ಹಂಚಬಹುದು. ಎಂಜಿನ್ನು, ಮೋಟಾರು ಎರಡೂ ನೇರವಾಗಿ ಚಕ್ರವನ್ನು ತಳ್ಳುವುದು ಒಂದು ಬಗೆ. ಎಂಜಿನ್ ಬರೀ ಜನರೇಟರ್ ಆಗಿದ್ದು ಚಕ್ರವನ್ನು ಮೋಟಾರೇ ತಿರುಗಿಸುವುದು ಇನ್ನೊಂದು ಬಗೆ. ನನ್ನ ಒಲವು ಮೊದಲನೆಯದಕ್ಕೆ. ಎರಡನೆಯದರಲ್ಲಿ ಎಂಜಿನ್ನಿನ ಶಕ್ತಿಯೂ ವಿದ್ಯುತ್ತಾಗಿ ಬದಲಾಗುವ ಸುಂಕವನ್ನು ಓಟದುದ್ದಕ್ಕೂ ಕಟ್ಟಬೇಕಾಗುತ್ತದೆ.

ಮೋಟಾರನ್ನು ಎಲ್ಲಿ ಕೂರಿಸುವುದು? ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ. ಮುಂದಿನ ಟೈರುಗಳು ನೆಲ ಕಚ್ಚಿ ಹಿಡಿಯುತ್ತವೆ, ಹಿಂದಿನವು ಹಗುರಾಗುತ್ತವೆ. ಹಿಂದಿನ ಚಕ್ರದಲ್ಲಿ ಜೋರಾಗಿ ಹಿಡಿದರೆ ಅವು ಲಾಕ್ ಆಗಿ ಕಾರು ಗಿರಕಿ ಹೊಡೆಯುತ್ತದೆ. ಆಡಿಯ ಮೋಟಾರು ಮುಂದಿನ ಚಕ್ರಗಳಿಗೆ ಜೋಡಿಸಿದ್ದರಲ್ಲಿ ಈ ಲಾಭವಿತ್ತು. ಆದರೆ ವಿದ್ಯಾರ್ಥಿಗಳ ಪುಟ್ಟ ಕಾರಿನ ಮೂತಿಯಲ್ಲಿ ಚಾಲಕನ ಕಾಲಿಗೇ ಜಾಗ ಸಾಲದು. ಮೋಟಾರು, ಕಂಟ್ರೋಲರ್, ಬ್ಯಾಟರಿ ಸೇರಿ 60 ಕೆ.ಜಿ. ಬಂತೆಂದರೆ 300 ಕೆ.ಜಿ. ಕಾರಿನ ತೂಕ ಐದನೇ ಒಂದರಷ್ಟು ಏರಿತು. ಪ್ರತಿ ತಿರುವಿನಲ್ಲಿ ಟೈರು ಅದನ್ನೂ ಹೊರಬೇಕು.

ಆಮೇಲೆ ಬಿಸಿ. ತಂತಿಯಲ್ಲಿ ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಬ್ಯಾಟರಿ ಪ್ಯಾಕಿನ ಒಳತಡೆ 0.1 ಓಮ್ ಇದ್ದರೆ 100 ಆಂಪಿಯರಿಗೆ ಒಳಗೊಂದು ಇಸ್ತ್ರಿ ಪೆಟ್ಟಿಗೆ ಉರಿದಂತೆ. 200 ಆಂಪಿಯರಿಗೆ ಎರಡು ಗೀಸರ್ ಉರಿದಂತೆ. ಸೆಲ್ಲುಗಳು 60 ಡಿಗ್ರಿ ಮುಟ್ಟುವುದರೊಳಗೆ ತಡೆಯಬೇಕು. 75 ಮೀಟರ್ ಓಟದಲ್ಲಿ ಈ ಚಿಂತೆ ಇಲ್ಲ, ಬಿಸಿಯೇರುವ ಮುನ್ನವೇ ಅದು ಮುಗಿದಿರುತ್ತದೆ. 44 ಕಿಲೊಮೀಟರಿನಲ್ಲಿ ಬಿಸಿ ಸುತ್ತಿನಿಂದ ಸುತ್ತಿಗೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಗಾಳಿಯ ದಾರಿಯನ್ನು ಮೊದಲು ಬರೆದು, ಉಳಿದದ್ದನ್ನು ಅದರ ಸುತ್ತ ಕೂರಿಸುವ ತಂಡವೇ ಜಾಣ ತಂಡ.

ಎಲ್ಲ ಸರಿಯಾದ ಮೇಲೂ ಒಂದು ಸಣ್ಣ ತುಂಡು ಇಡೀ ಕಾರನ್ನು ನಿಲ್ಲಿಸಬಹುದು. 2016ರ ಲೆ ಮಾನ್‌ನಲ್ಲಿ ಟೊಯೊಟಾ 23 ಗಂಟೆ 50 ನಿಮಿಷಕ್ಕೂ ಹೆಚ್ಚು ಓಡಿ ಮುಂದಿತ್ತು. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಗಾಳಿಯ ಕೊಳವೆಯ ಜೋಡಣೆ ಬಿಟ್ಟುಕೊಂಡಿತು. ಕಸುವು ಕುಸಿದು, ಗುರಿಗೆರೆಯ ಬಳಿಯೇ ಕಾರು ನಿಂತಿತು. ಪೋರ್ಷೆ ದಾಟಿ ಹೋಗಿ ಗೆದ್ದಿತು. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದ್ದರಿಂದಲೇ ರೇಸ್ ವರ್ಕ್‌ಶಾಪುಗಳಲ್ಲಿ ಒಂದು ಅಗ್ಗದ ಉಪಾಯವಿದೆ. ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯಿಂದ ಬಂದ ಬಿಡಿಭಾಗವಿರಲಿ, ವಿದೇಶದ ಮೋಟಾರಿರಲಿ, ಬೋಲ್ಟು ಸರಿಯಾಗಿ ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ತಗಡಿಗೆ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ಟೆಸ್ಟ್ ಓಟ ಮುಗಿಸಿ ಕಾರು ಬಂದು ನಿಂತೊಡನೆ ಟೈಮ್ ಎಷ್ಟು ಎಂದು ಕೇಳುವ ಮೊದಲು, ಒಬ್ಬರು ಟಾರ್ಚ್ ಹಿಡಿದು ನೆಲಕ್ಕೆ ಮಂಡಿಯೂರಿ ಆ ಗೆರೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ.