ನರ್ಸಿಂಗ್ ಮುಗಿಯಿತು, ಮುಂದೇನು? ಸ್ಪೆಷಲಿಸ್ಟ್, ರಿಸರ್ಚ್ ನರ್ಸ್ ಆಗುವ ದಾರಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಲವು ಮನೆಗಳಲ್ಲಿ ಮಗಳು ನರ್ಸಿಂಗ್ ಮುಗಿಸಿದ ಕೂಡಲೇ ಬರುವ ಮಾತು ಎರಡೇ: ಒಂದೋ ಮದುವೆ, ಇಲ್ಲದಿದ್ದರೆ ಗಲ್ಫ್. ಇದೇ ಕೆಲಸದಲ್ಲಿ ಇನ್ನೂ ಮೇಲಕ್ಕೆ ಹೋಗಲಿಕ್ಕೆ ದಾರಿ ಉಂಟು ಎಂಬುದು ಎಷ್ಟೋ ಹೆತ್ತವರಿಗೆ ಗೊತ್ತಿರುವುದಿಲ್ಲ.

ಮೊದಲ ಮೆಟ್ಟಿಲು 3 ವರ್ಷದ ಜಿಎನ್‌ಎಂ ಅಥವಾ 4 ವರ್ಷದ ಬಿಎಸ್ಸಿ ನರ್ಸಿಂಗ್. ಅದಾದ ಮೇಲೆ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. ಮಂಗಳೂರಿನಲ್ಲಿ ಕಲಿತು ಕಾಸರಗೋಡಿನಲ್ಲಿ ಕೆಲಸಕ್ಕೆ ಸೇರುವವರು ಕರ್ನಾಟಕದ ನೋಂದಣಿಯೇ ಸಾಕು ಎಂದು ಕೂರಬಾರದು, ಕೇರಳದ ಕೌನ್ಸಿಲ್‌ನಲ್ಲೂ ಮಾಡಿಸಿಕೊಳ್ಳಬೇಕು.

ನಂತರ ಕನಿಷ್ಠ ಒಂದು ವರ್ಷ ವಾರ್ಡಿನಲ್ಲಿ ದುಡಿದರೆ ತನಗೆ ಯಾವ ವಿಭಾಗ ಹಿಡಿಸುತ್ತದೆ ಎಂದು ತಿಳಿಯುತ್ತದೆ. ಐಸಿಯು, ಕ್ಯಾನ್ಸರ್, ಕಿಡ್ನಿ, ನವಜಾತ ಶಿಶು, ಆಪರೇಷನ್ ಥಿಯೇಟರ್, ತುರ್ತು ಚಿಕಿತ್ಸೆ ಮುಂತಾದವುಗಳಲ್ಲಿ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಬಿಎಸ್ಸಿ ಆದವರಿಗೆ 2 ವರ್ಷದ ಎಂಎಸ್ಸಿ ಇದೆ. ಐಸಿಯುನಲ್ಲೇ ದುಡಿಯುತ್ತಾ ಕಲಿಯುವ 2 ವರ್ಷದ ನರ್ಸ್ ಪ್ರಾಕ್ಟಿಷನರ್ ಕೋರ್ಸೂ ಇದೆ. ಪಾಠ ಮಾಡುವ ಆಸೆ ಇದ್ದರೆ ಎಂಎಸ್ಸಿ ಬೇಕು. ರೋಗಿಯ ಹತ್ತಿರವೇ ಇರಬೇಕು ಎನ್ನುವವರಿಗೆ ಉಳಿದೆರಡು ಒಳ್ಳೆಯದು.

ರಿಸರ್ಚ್ ನರ್ಸ್ ಕೆಲಸ ಸ್ವಲ್ಪ ಬೇರೆ. ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸುವಾಗ ಹೇಳಿದ ಹೊತ್ತಿಗೆ ಸರಿಯಾಗಿ ರಕ್ತ ತೆಗೆಯುವುದು, ಅಡ್ಡಪರಿಣಾಮ ಬರೆದಿಡುವುದು, ದಾಖಲೆ ಸರಿ ಇಡುವುದು ಇವರ ಜವಾಬ್ದಾರಿ. ಗಂಭೀರ ತೊಂದರೆ ಕಂಡರೆ ಪರೀಕ್ಷೆ ನಡೆಸುವ ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕು ಎಂದು 2019ರ ನಿಯಮ ಹೇಳುತ್ತದೆ. ಆ ತೊಂದರೆ ಮೊದಲು ಕಣ್ಣಿಗೆ ಬೀಳುವುದು ಹೆಚ್ಚಾಗಿ ನರ್ಸ್‌ಗೆ.

ಎಲ್ಲಕ್ಕಿಂತ ದೊಡ್ಡದು ಒಪ್ಪಿಗೆಯ ವಿಷಯ. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಎಲ್ಲವನ್ನೂ ತಿಳಿಸಬೇಕು. ಓದು ಬಾರದವರಾದರೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಇರಬೇಕು. ಬೇಡ ಎನ್ನುವ ಹಕ್ಕು, ಮಧ್ಯದಲ್ಲೇ ಬಿಟ್ಟು ಹೋಗುವ ಹಕ್ಕು ಎರಡೂ ರೋಗಿಗಿದೆ. ಬ್ಯಾರಿ ಮಾತ್ರ ಮಾತಾಡುವ ವಯಸ್ಸಾದ ಉಮ್ಮ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಿಗೆ ಆಗುವುದಿಲ್ಲ. ಬ್ಯಾರಿ, ತುಳು, ಕನ್ನಡ, ಮಲಯಾಳಂ ನಾಲ್ಕೂ ಬರುವ ಗಡಿನಾಡಿನ ಹುಡುಗಿಗೆ ಇಲ್ಲಿ ಭಾಷೆಯೇ ಬಂಡವಾಳ.

ಈ ಕೆಲಸಕ್ಕೆ ಬೇರೆ ಡಿಗ್ರಿಯೇ ಬೇಕೆಂದಿಲ್ಲ. ವಾರ್ಡಿನ ಅನುಭವ, 'ಗುಡ್ ಕ್ಲಿನಿಕಲ್ ಪ್ರಾಕ್ಟೀಸ್' ತರಬೇತಿ, ಕಂಪ್ಯೂಟರ್, ಬರೆಯುವಷ್ಟು ಇಂಗ್ಲಿಷ್ ಇದ್ದರೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಸಂಶೋಧನಾ ವಿಭಾಗಗಳಲ್ಲಿ ಪ್ರಯತ್ನಿಸಬಹುದು. ಆದರೆ ಹಲವು ಹುದ್ದೆಗಳು ಪ್ರಾಜೆಕ್ಟ್ ಮುಗಿದರೆ ಮುಗಿದವು. ಎಷ್ಟು ತಿಂಗಳ ಕೆಲಸ ಎಂದು ಸೇರುವ ಮೊದಲೇ ಕೇಳಿಕೊಳ್ಳಬೇಕು.

ಕೋರ್ಸಿಗೆ ಸೇರಿಸುವಾಗಲೂ ಹಾಗೆಯೇ. ಫೀಸಿನ ಜೊತೆ ಆ ವರ್ಷ ಕೈತಪ್ಪುವ ಸಂಬಳವನ್ನೂ ಲೆಕ್ಕ ಹಾಕಬೇಕು. ಕಾಲೇಜಿಗೆ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ಹಣ ಕಟ್ಟುವ ಮೊದಲೇ ನೋಡಬೇಕು, ಕಟ್ಟಿದ ಮೇಲೆ ಅಲ್ಲ. ಇಷ್ಟು ವಿಚಾರಿಸಿ, ಮಗಳ ಮನಸ್ಸನ್ನೂ ಕೇಳಿ ಮುಂದುವರಿದರೆ ಗಲ್ಫ್ ಎಲ್ಲಿಗೂ ಓಡಿ ಹೋಗುವುದಿಲ್ಲ. ಕೈಯಲ್ಲಿ ಒಂದು ಸ್ಪೆಷಾಲಿಟಿ ಇಟ್ಟುಕೊಂಡೇ ಅಲ್ಲಿಗೂ ಹೋಗಬಹುದು.