ಮಹಾವೀರಾಚಾರ್ಯರ ಅಂಕಮಾಲೆ

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕಿವಿಗೆ ಬಿದ್ದಾಗ ಇದು ಯಾವುದೋ ಸರ್ಕಾರದ ಆಯವ್ಯಯದ ಲೆಕ್ಕದಂತೆ ತೋರೀತು. ಅಂಕಿಗಳಲ್ಲಿ ಬರೆದರೆ ಅದರ ಚೆಲುವು ಕಾಣುವುದು: ೧೨೩೪೫೬೫೪೩೨೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಆಲಂಕಾರಿಕರು ಇಂಥದನ್ನು ಗತಪ್ರತ್ಯಾಗತವೆನ್ನುವರು. ಮಕ್ಕಳು ‘ವಿಕಟಕವಿ’ ಎಂಬ ಮಾತಿನಿಂದಲೇ ಇದನ್ನು ಬಲ್ಲರು.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಪಂಡಿತರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಮಹಾವೀರಾಚಾರ್ಯರು ಈ ಸಂಖ್ಯೆಯನ್ನು ಕೋಟಿ ಲಕ್ಷಗಳಲ್ಲಿ ಹೇಳಲಿಲ್ಲ. ಒಂದರಿಂದ ಮೊದಲಾಗಿ ಆರರವರೆಗೆ ಏರಿ, ಅನಂತರ ಕ್ರಮವಾಗಿ ಇಳಿಯತಕ್ಕದ್ದು ಎಂದರು. ಇಷ್ಟು ಕೇಳಿದವನು ತಪ್ಪಿಲ್ಲದೆ ಬರೆಯಬಲ್ಲ. ಇಂತಹ ಸಮರೂಪದ ಗುಣಲಬ್ಧಗಳನ್ನು ಅವರು ಕಂಠಾಭರಣವೆಂದು ಕರೆದುದೂ ಸೊಗಸಾಗಿದೆ.

ಈ ಹಾರವನ್ನು ಪೋಣಿಸಿದ ದಾರ ಯಾವುದು? ಪವಾಡವೆಂದು ಬೆರಗಾಗಿ ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ೧೧೧೧೧೧ನ್ನು ಅದರಿಂದಲೇ ಗುಣಿಸಿ ನೋಡಿರಿ. ಆರು ಸಾಲುಗಳು ಬರುವುವು; ಪ್ರತಿ ಸಾಲಿನಲ್ಲಿಯೂ ಆರು ಒಂದುಗಳು; ಪ್ರತಿಯೊಂದು ಸಾಲೂ ಮೇಲಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದಿರುವುದು. ಈಗ ಮೇಲಿನಿಂದ ಕೆಳಕ್ಕೆ ಕೂಡಿರಿ. ಬಿಡಿಯ ಸ್ಥಾನದಲ್ಲಿ ಒಂದೇ ಒಂದು, ಹತ್ತರ ಸ್ಥಾನದಲ್ಲಿ ಎರಡು, ನೂರರಲ್ಲಿ ಮೂರು. ಹೀಗೆ ಆರನೆಯ ಸ್ಥಾನದಲ್ಲಿ ಆರು ಒಂದುಗಳು ಸೇರುವುವು. ಅಲ್ಲಿಂದಾಚೆಗೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುವುದರಿಂದ ಐದು, ನಾಲ್ಕು ಎಂದು ಇಳಿಯುವುದು. ಎಲ್ಲಿಯೂ ಮೊತ್ತ ಹತ್ತನ್ನು ಮುಟ್ಟದುದರಿಂದ ದಶಕ ಒಯ್ಯುವ ಪ್ರಮೇಯವೇ ಇಲ್ಲ.

ಹಾಗಾದರೆ ಹಾರವನ್ನು ಎಷ್ಟು ಉದ್ದ ಬೆಳೆಸಬಹುದು? ಒಂಬತ್ತು ಒಂದುಗಳವರೆಗೆ. ಅವುಗಳ ವರ್ಗ ೧೨೩೪೫೬೭೮೯೮೭೬೫೪೩೨೧. ಹತ್ತು ಒಂದುಗಳನ್ನು ಇಟ್ಟಿರೋ, ನಡುವಿನ ಸ್ಥಾನದಲ್ಲಿ ಹತ್ತು ಬಂದು, ದಶಕ ಎಡಕ್ಕೆ ಹೋಗಿ, ೧೨೩೪೫೬೭೯೦೦೯೮೭೬೫೪೩೨೧ ಆಗುತ್ತದೆ. ಎಡಭಾಗದ ಎಂಟು ಮಾಯ! ದಾರ ಕಡಿಯುವ ಈ ಸ್ಥಳವನ್ನು ಮಕ್ಕಳಿಗೆ ತಪ್ಪದೆ ತೋರಿಸಬೇಕು. ಸ್ಥಾನಬೆಲೆಯೆಂದರೇನೆಂಬುದು ಅಲ್ಲಿ ತಿಳಿದಷ್ಟು ಚೆನ್ನಾಗಿ ಮಗ್ಗಿಯ ಬಾಯಿಪಾಠದಿಂದ ತಿಳಿಯದು.

ಇನ್ನು ಅದರ ಭಾಜಕಗಳು. ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಈ ಐದು ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ ಇರುವುದು. ಒಂದು ಭಾಜಕವನ್ನು ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಮೂರನ್ನು ಐದು ಸಲ ಗುಣಿಸಿದರೆ ೨೪೩. ನಮ್ಮ ಸಂಖ್ಯೆಗೆ ಅಷ್ಟು ಭಾಜಕಗಳು. ೪೪೧ರಿಂದ ಭಾಗಿಸಿದರೆ ೨೭೯೯೪೬೮೧ ಬರುವುದು. ಅದೂ ೫೨೯೧ರ ವರ್ಗ. ಹೀಗೆ ಭಾಜಕಗಳು ಜೊತೆಜೊತೆಯಾಗಿ ನಿಲ್ಲುತ್ತವೆ. ೧೧೧೧೧೧ಕ್ಕೆ ಮಾತ್ರ ತಾನೇ ಜೊತೆ. ಉಳಿದ ೨೪೨ರಿಂದ ೧೨೧ ಜೋಡಿಗಳಾಗುವುವು. ಆಕಸ್ಮಿಕವೇ ಇರಲಿ, ಆ ೧೨೧ ಕೂಡ ೧೧ರ ವರ್ಗ, ಇದೇ ಜಾತಿಯ ಪುಟ್ಟ ಹಾರ.